ಹೊಳೆ ತೇಯ್ದ ಬಳೆಚೂರು

ಗಾಜಿನ ಚೂರನ್ನು ತುಟಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕುಳಿತ ಮನುಷ್ಯನನ್ನು ನೋಡಿದರೆ ಯಾರ ಎದೆಯಾದರೂ ಧಸಕ್ಕೆನ್ನುತ್ತದೆ. ನನ್ನದೂ ಅಂದಿತು. ಮಲಪ್ರಭೆಗೆ ಆ ದೊಡ್ಡ ನೆರೆ ಬಂದು ಇಳಿದ ಮೇಲೆ ರಾಮದುರ್ಗದ ಹೊಳೆದಂಡೆಯ ಓಣಿಗಳಲ್ಲಿ ಇನ್ನೂ ಕೆಸರು ಬಳಿಯುತ್ತಿದ್ದ ದಿನಗಳವು. ನಾನು ಪಾಠ ಹೇಳುತ್ತಿದ್ದ ಶಾಲೆಗೆ ರಜೆ ಕೊಟ್ಟಿದ್ದರು. ದಂಡೆ ಎಷ್ಟು ಕೊರೆದಿದೆ ನೋಡಿಬರೋಣವೆಂದು ಹೋದರೆ, ನೀರಿನ ಅಂಚಿನಲ್ಲಿ ಬಳೆಗಾರ ಕಾಕಾ ಕುಕ್ಕರಗಾಲಲ್ಲಿ ಕುಳಿತು ಹಸಿರು ಗಾಜಿನ ತುಂಡೊಂದನ್ನು ಕೆಳದುಟಿಯ ಮೇಲೆ ಮೆಲ್ಲಗೆ ಎಳೆದುಕೊಳ್ಳುತ್ತಿದ್ದರು. ನೆರೆಯಲ್ಲಿ ಮನೆಯ ಗೋಡೆ ಬಿದ್ದ ಸಂಕಟಕ್ಕೆ ಮುದುಕ ಏನೋ ಮಾಡಿಕೊಳ್ಳುತ್ತಿದ್ದಾನೆ ಎಂದುಕೊಂಡು ನಾನು ಚೀರಿಯೇ ಬಿಟ್ಟೆ.

"ಯಾಕ್ರಿ ಅಕ್ಕಾರ, ಹಾವು ಗೀವು ಕಂಡ್ರೇನು?" ಎಂದು ಅವರೇ ಗಾಬರಿಯಾಗಿ ಎದ್ದು ನಿಂತರು.

"ನೀವು ಅದೇನು ಮಾಡ್ಲಿಕ್ಹತ್ತೀರಿ ಕಾಕಾ? ಗಾಜು ಅದ ಅದು!"

"ಗಾಜು ಅಂತ ಗೊತ್ತಿಲ್ದ ಏನ್ರಿ? ಹುಟ್ಟಿದಾಗಿಂದ ಗಾಜಿನ್ಯಾಗಽ ಅದೇನಿ." ಆ ತುಂಡನ್ನು ನನ್ನ ಅಂಗೈಯಲ್ಲಿಟ್ಟರು. ಕಮಾನಿನಂತೆ ಬಾಗಿದ, ಕಿರುಬೆರಳಿನಷ್ಟು ಉದ್ದದ ಹಸಿರು. ಹೊಳಪಿಲ್ಲ, ಮೇಲೆ ಇಬ್ಬನಿ ಕೂತಂಥ ಮಬ್ಬು. ಎಲ್ಲಿಯೂ ಚುಚ್ಚಲಿಲ್ಲ. "ಬಳಿ ಇಟ್ಟು ಇಟ್ಟು ನನ್ನ ಬೆರಳು ಜಡ್ಡುಗಟ್ಟ್ಯಾವ್ರಿ, ಅವು ಸುಳ್ಳು ಹೇಳ್ತಾವು. ತುಟಿ ಸುಳ್ಳು ಹೇಳಾಂಗಿಲ್ಲ."

ತುಂಡಿನ ಅಂಚು ತುಟಿಗೆ ತಡೆದರೆ ಹೊಳೆಯ ಕೆಲಸ ಇನ್ನೂ ಮುಗಿದಿಲ್ಲ ಎಂದು ಅವರ ಲೆಕ್ಕ. "ಇನ್ನೂ ಆಗಿಲ್ಲ, ಹೋಗವಾ" ಎಂದು ಅದನ್ನು ಮತ್ತೆ ನೀರಿಗೆ ಬಿಡುತ್ತಿದ್ದರು. ತಡೆಯದಿದ್ದರೆ ಅಂಗಿಯ ಜೇಬಿಗೆ. ಹೆಣ್ಣುಮಕ್ಕಳಿಗೆ ಹೇಳುವ ಹಾಗೆ ಗಾಜಿಗೆ "ಹೋಗವಾ" ಅನ್ನುವುದು ಕೇಳಿ ನನಗೆ ನಗು ಬಂತು. ಆಗ ನಗಬಾರದಿತ್ತು ಎಂದು ಈಗ ಅನಿಸುತ್ತದೆ.

ಅವರ ಹೆಸರು ಇಲ್ಲಿ ಬರೆಯಲಾರೆ. ಊರಿನಲ್ಲಿ ಹೇಗೂ ಯಾರೂ ಅವರನ್ನು ಹೆಸರಿನಿಂದ ಕರೆಯುತ್ತಿರಲಿಲ್ಲ. ಬಳೆಗಳನ್ನು ಹಗ್ಗಕ್ಕೆ ಪೋಣಿಸಿದ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಒಮ್ಮೆ ಸವದತ್ತಿ ಕಡೆ, ಒಮ್ಮೆ ಕಟಕೋಳದ ಕಡೆ ತಿರುಗಿದವರು. ನಾನು ಸಂಪಗಾಂವದಿಂದ ಮದುವೆಯಾಗಿ ರಾಮದುರ್ಗಕ್ಕೆ ಬಂದ ವಾರವೇ ಅತ್ತೆಯವರು ಅವರನ್ನು ಕರೆಸಿದ್ದರು. ನಾನು ಕೈ ಬಿಗಿ ಹಿಡಿದು ಕುಳಿತಿದ್ದೆ. "ಕೈ ಸಡ್ಲ ಬಿಡ್ರಿ. ಬಳಿ ಇಡೂತನಾ ಈ ಕೈ ನಂದು, ನಿಮ್ಮದಲ್ಲ" ಎಂದು ಗದರಿದರು. ಹೊಸ ಸೊಸೆಗೆ ಗಂಡಸೊಬ್ಬರು ಹೀಗೆ ಅನ್ನಬಹುದೇ ಎಂದು ನಾನು ದಂಗಾಗಿ ಅತ್ತೆಯ ಮುಖ ನೋಡಿದೆ. ಅತ್ತೆ ಹೂ ಕಟ್ಟುತ್ತ ಕುಳಿತಿದ್ದರು, ತಲೆ ಕೂಡ ಎತ್ತಲಿಲ್ಲ. ಅಷ್ಟರಲ್ಲಿ ಹೆಬ್ಬೆರಳಿನ ಬುಡ ಒತ್ತಿ, ಮುಷ್ಟಿಯನ್ನು ಅರಳೆಯ ಹಾಗೆ ಮೆತ್ತಗೆ ಮಾಡಿ, ಡಜನ್ ಬಳೆ ಏರಿಸಿಯೇ ಬಿಟ್ಟಿದ್ದರು. ಒಂದೂ ಒಡೆಯಲಿಲ್ಲ.

ಮುಖ ನೋಡಿ ಗುರುತು ಹಿಡಿಯುವ ಅಭ್ಯಾಸವೇ ಅವರಿಗಿರಲಿಲ್ಲ. ನೋಡುತ್ತಿದ್ದದ್ದು ಮಣಿಕಟ್ಟು. ಕಿತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ನಾನು ಬಿಸಿಲಿಗೆ ಮುಖದ ತುಂಬ ಸೆರಗು ಹೊದ್ದು ನಿಂತಿದ್ದಾಗ ಪಕ್ಕದಿಂದ "ಸಂಪಗಾಂವದ ಅಕ್ಕಾರ, ಬಸ್ಸು ಆ ಕಡೆ ನಿಂತೈತ್ರಿ" ಎಂಬ ದನಿ ಬಂತು. ನನ್ನ ಕೈ ಮಾತ್ರ ಹೊರಗಿತ್ತು. ಮಗನಿಗೆ ಕಿತ್ತೂರಿನ ಹೆಣ್ಣು ಗೊತ್ತುಮಾಡಿ ಬರುತ್ತಿದ್ದರಂತೆ. "ಹುಡುಗಿ ಹ್ಯಾಂಗದಾಳ್ರಿ?" ಎಂದು ಕೇಳಿದೆ. "ಕೈ ಛಲೋ ಅದಾವು" ಎಂದರು.

ಬಳೆ ವ್ಯಾಪಾರ ಇಳಿಯುತ್ತ ಬಂದಿತ್ತು. ಹುಡುಗಿಯರಿಗೆ ಗಾಜು ಬೇಡ, ಲೋಹದ್ದು ಬೇಕು, ಅದೂ ಅಂಗಡಿಯ ಕನ್ನಡಿಯ ಮುಂದೆ. ಆದರೂ ಮದುವೆಗೆ, ಬಸುರಿ ಹೆಂಗಸಿನ ಕುಬಸಕ್ಕೆ ಅವರೇ ಬೇಕು. ಅವರು ಇಟ್ಟ ಬಳೆ ಬಾಳುತ್ತದೆ ಎಂಬ ನಂಬಿಕೆ. ಉಳಿದ ದಿನಗಳಲ್ಲಿ ಹೊಳೆ. ನೆರೆ ದಂಡೆಯನ್ನು ಕೊರೆದು, ಎಷ್ಟೋ ವರ್ಷದಿಂದ ಮರಳಿನಲ್ಲಿ ಉರುಳಾಡಿ ನುಣುಪಾದ ಗಾಜನ್ನೆಲ್ಲ ಹೊರಗೆ ಹಾಕಿತ್ತು. ಅವರು ಅದನ್ನು ಆರಿಸಿ ತಂದು, ಸೋಡಾ ಪುಡಿಯ ನೀರಿನಲ್ಲಿ ನೆನೆಸಿ, ಬಣ್ಣಬಣ್ಣಕ್ಕೆ ವಿಂಗಡಿಸಿ ಡಬ್ಬಿಯಲ್ಲಿಡುತ್ತಿದ್ದರು. ಸುಮ್ಮನೆ, ಆಸೆಗೆ. ಬಾಟಲಿಯ ಕಂದುಬಣ್ಣಕ್ಕೆ ಅವರಿಟ್ಟ ಹೆಸರು ಕಷಾಯ. ಹಳೆಯ ಗೋಲಿ ಸೋಡಾ ಬಾಟಲಿಯದು ಸೋಡಾ ನೀಲಿ. ಎಲ್ಲಕ್ಕಿಂತ ಚೆಲುವಾದದ್ದು ಬಳೆಯ ಹಸಿರು.

ಅದನ್ನು ಮಾರಾಟಕ್ಕೆ ಹಚ್ಚಿದವಳು ನಾನು. ನನ್ನ ಅಕ್ಕನ ಮಗಳು ಪಣಜಿಯಲ್ಲಿ ಕಡಲ ಗಾಜಿನಿಂದ ಕಿವಿಯೋಲೆ, ಪದಕ ಮಾಡಿ ಮಾರುತ್ತಾಳೆ. "ಮೌಶಿ, ಈಗ ಸಮುದ್ರದಾಗ ಬರೇ ಪ್ಲಾಸ್ಟಿಕ್ ಬರತದ, ಗಾಜು ಎಲ್ಲೆ ಅದ?" ಎಂದು ಅವಳು ಗೋಳಾಡಿದಾಗ ನಾನು ಕಾಕಾನ ಡಬ್ಬಿಯ ಫೋಟೋ ಕಳಿಸಿದೆ. ಅವಳು ಹುಚ್ಚಾಗಿಹೋದಳು. ಅಂದಿನಿಂದ ನಮ್ಮ ಅಡಿಗೆಮನೆಯ ಕಟ್ಟೆಯ ಮೇಲೆ ನಾನೂ ಕಾಕಾನೂ ಗಾಜು ಆರಿಸಿ ಪೊಟ್ಟಣ ಕಟ್ಟುವುದು, ನಾನು ಪೋಸ್ಟಿಗೆ ಹಾಕುವುದು. ಅವರದೊಂದೇ ಹಟ. ಪೊಟ್ಟಣದ ಮೇಲೆ "ಇದು ಸಮುದ್ರದ್ದಲ್ಲ, ಹೊಳೆಯದು" ಎಂದು ಬರೆಯಲೇಬೇಕು.

ಒಮ್ಮೆ ಬೆಳಗಾವಿಯ ಕಡೆಯವನೊಬ್ಬ ಒಂದು ಚೀಲ ತಂದು ಅವರ ಮುಂದೆ ಸುರಿದ. ಬಾಟಲಿ ಒಡೆದು, ಮರಳು ಹಾಕಿ ಯಂತ್ರದಲ್ಲಿ ತಿರುಗಿಸಿದ ಮಾಲು. ನೋಡಲು ಥೇಟ್ ಹೊಳೆಯದೇ. ಕಾಕಾ ಒಂದು ತುಂಡನ್ನು ತುಟಿಗೆ ಹಚ್ಚಿ, "ಎಲ್ಲಾ ಮಗ್ಗಲ ಒಂದಽ ಥರ ಐತಿ. ಇದು ಹೊಳಿ ಕಂಡಿಲ್ಲ" ಎಂದರು.

"ಅಜ್ಜಾ, ನಿಮ್ಮದರಾಗ ಕೂಡಿಸಿ ಕಳಸ್ರಿ. ಗಿರಾಕಿಗೇನು ಗೊತ್ತಾಗತೈತಿ?"

"ಗೊತ್ತಾಗಾಂಗಿಲ್ಲಪಾ. ಅದಕ್ಕಽ ಬ್ಯಾಡ."

ಇಂಥ ಮನುಷ್ಯನ ಬಗ್ಗೆ ನಾನು ನನ್ನ ಬಾಯಿಂದ ಏನು ಹೇಳಿದೆ ಎಂಬುದನ್ನು ಬರೆಯಬೇಕೆಂದೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಮೂರು ವರ್ಷ ಹೀಗೇ ನಡೆಯಿತು. ಒಂದು ಬೇಸಿಗೆ ರಜೆಯಲ್ಲಿ ನಾನೂ ಅವರ ಜೊತೆ ಗಾಜು ಆರಿಸಲು ಹೋದೆ. ಬಳೆಯ ಹಸಿರು ಸಿಗುವುದು ಹೊಳೆಗೆ ಇಳಿಯುವ ಕಲ್ಲುಮೆಟ್ಟಿಲ ಸೋಪಾನದ ಕೆಳಗೆ ಹೊಳೆ ಹೊರಳುವ ಮೂಲೆಯಲ್ಲಿ. ಹೆಂಗಸರು ಅಲ್ಲಿ ಬಟ್ಟೆ ಒಗೆಯುತ್ತಾರಲ್ಲ, ಬಳೆ ಹೆಚ್ಚುತ್ತಿರಬೇಕು ಎಂದುಕೊಂಡಿದ್ದೆ. ಬಳೆ ಒಡೆಯಿತು ಎನ್ನಬಾರದು, ಹೆಚ್ಚಿತು ಎನ್ನಬೇಕು ಎಂದು ಕಲಿತು ಬೆಳೆದವಳು ನಾನು. ಆ ದಿನ ಮೇಲೆ ಸೋಪಾನದ ಹತ್ತಿರ ಒಂದು ಗುಂಪಿತ್ತು. ಯಾರದೋ ಹತ್ತನೆಯ ದಿನದ ಕರ್ಮ. ಮಾಡಿಸುತ್ತಿದ್ದವರು ನನ್ನ ಗಂಡನ ಅಣ್ಣ, ಪುರೋಹಿತರಾದ ನಮ್ಮ ಭಾವನವರೇ. ನಾಲ್ಕು ಹೆಂಗಸರು ಸೀರೆಯೊಂದನ್ನು ಅಡ್ಡ ಹಿಡಿದರು. ಅದರ ಹಿಂದಿನಿಂದ ಕಲ್ಲಿನ ಮೇಲೆ ಕಲ್ಲು ಕುಟ್ಟಿದ ಸದ್ದು ಬಂತು, ಅದರ ಜೊತೆ ಗಾಜಿನ ಸದ್ದು, ಆಮೇಲೆ ಒಂದು ಕೂಗು. ಒಬ್ಬ ಮುದುಕಿ ಹೊರಗೆ ಬಂದು ಬೊಗಸೆಯಲ್ಲಿದ್ದುದನ್ನು ನೀರಿಗೆ ಚೆಲ್ಲಿದಳು. ನೀರು ಹರಿದು ಬರುವುದು ನಾವು ಕುಳಿತ ಮೂಲೆಗೆ.

ನನ್ನ ಕೈಯಲ್ಲಿ ಆಗಷ್ಟೇ ಆರಿಸಿದ ಹಸಿರು ತುಂಡುಗಳಿದ್ದವು. ನನ್ನ ಕಿವಿಯಲ್ಲೂ ಅದೇ ಇತ್ತು, ಅಕ್ಕನ ಮಗಳು ಪ್ರೀತಿಯಿಂದ ಮಾಡಿ ಕಳಿಸಿದ ಓಲೆ. ಅದನ್ನು ಹಾಕಿಕೊಂಡು ನಾನು ಎರಡು ಮದುವೆ, ಒಂದು ತೊಟ್ಟಿಲ ಕಾರ್ಯ ಉಂಡು ಬಂದಿದ್ದೆ. ಅಲ್ಲೇ ಓಲೆ ಬಿಚ್ಚಹತ್ತಿದೆ.

"ಕಾಕಾ, ಇವು... ಇವು ಅಲ್ಲಿಂದ ಬರ್ತಾವೇನು? ನಿಮಗ ಗೊತ್ತಿತ್ತೇನ್ರಿ?"

ಅವರು ನನಗಿಂತ ಹೆಚ್ಚು ಬೆರಗಾಗಿ ನನ್ನನ್ನು ನೋಡಿದರು. "ನಿಮಗ ಗೊತ್ತಿದ್ದಿಲ್ಲೇನ್ರಿ ಅಕ್ಕಾರ? ಭಟ್ಟರ ಮನಿಯವರು ನೀವು. ಗೊತ್ತಿದ್ದಽ ಮಾಡ್ತೀರಿ ಅಂತ ತಿಳಿದಿದ್ನಲ್ಲ ನಾನು!"

"ಗೊತ್ತಿದ್ದು ಯಾರರ ಮಾಡ್ತಾರೇನ್ರಿ? ಮುತ್ತೈದೇರ ಕಿವಿಗೆ ಹಾಕ್ತಾರ ಇದನ್ನ!"

"ಪಣಜಿ ಅಕ್ಕಾಗ ಮೊದಲಽ ಫೋನಿನ್ಯಾಗ ಹೇಳೇನ್ರಿ. ತಗೊಳ್ಳಾರಿಗೆ ಹೇಳಽ ಮಾರತೇನಿ ಅಂದಾರ." ಅವರು ಹೊಳೆಯ ಕಡೆ ತಿರುಗಿದರು. "ಇದರಾಗ ಅರ್ಧ ಬಳಿ ನಾನಽ ಇಟ್ಟಾವು. ಒಂದೂ ಒಡೀಬಾರದು ಅಂತ ಉಸುರು ಹಿಡದು ಇಟ್ಟಾವು. ಇಲ್ಲಿ ತಂದು ಕಲ್ಲಿಲೆ ಕುಟ್ಟತಾರ. ನೀರಾಗ ಬಿದ್ದದ್ದು ಎಷ್ಟು ಮಂದಿ ಕಾಲಿಗೆ ಚುಚ್ಚತೈತಿ. ಹೊಳಿ ಬ್ಯಾಸರಿಲ್ದ ಅದನ್ನ ತೇದು ತೇದು ಚುಚ್ಚಲಾರದಂಗ ಮಾಡತೈತಿ. ಆ ಮ್ಯಾಲೂ ಅದು ಮೈಲಿಗಿ ಏನ್ರಿ?"

ಇನ್ನು ಮುಂದೆ ನನ್ನಿಂದ ಆಗುವುದಿಲ್ಲ ಎಂದಷ್ಟೇ ಹೇಳಿ ಎದ್ದೆ. "ನಿಮ್ಮ ಮನಸ್ಸಿಗೆ ಬರಲಿಲ್ಲಂದ್ರ ಬ್ಯಾಡ್ರಿ" ಎಂದರು. ಮನೆಗೆ ಬಂದು ತಲೆಯ ಮೇಲೆ ನೀರು ಹೊಯ್ದುಕೊಂಡೆ. ಮಕ್ಕಳಿಗೆ ಮೂಢನಂಬಿಕೆಯ ಮೇಲೆ ಪ್ರಬಂಧ ಬರೆಸುತ್ತಿದ್ದ ಶಿಕ್ಷಕಿ ನಾನು, ಒದ್ದೆ ಕೂದಲಲ್ಲೇ ಭಾವನವರ ಮನೆಗೆ ಓಡಿದೆ. ಅಡಿಗೆಮನೆಯಲ್ಲಿ ನನ್ನ ನೆಗೆಣ್ಣಿ, ಭಾವನವರ ಹೆಂಡತಿ, ರೊಟ್ಟಿ ಬಡಿಯುತ್ತಿದ್ದರು. "ವೈನಿ, ಬಳಿಗಾರ ಕಾಕಾ ಕರ್ಮದ್ದು ಬಳಿ ಆರಸ್ತಾರ, ತುಟಿಗೆ ಹಚ್ಚಿ ನೋಡ್ತಾರ, ಅದಽ ಕೈಲೆ ಬಂದು ನಮಗ ಬಳಿ ಇಡ್ತಾರ" ಎಂದುಬಿಟ್ಟೆ. ಒಂದೇ ಉಸಿರಿಗೆ, ಅದೇ ಶಬ್ದಗಳಲ್ಲಿ. ಎಲ್ಲಾ ಹೇಳಿ ಮುಗಿಸಿದ ಮೇಲೆ "ಯಾರ ಮುಂದೂ ಅನಬ್ಯಾಡ್ರಿ ಮತ್ತ" ಎಂದೂ ಸೇರಿಸಿದೆ. ಊರಿಗೆ ಡಂಗುರ ಹೊಡೆಸಿದ್ದರೆ ಒಂದೆರಡು ಓಣಿಯಾದರೂ ಬಿಟ್ಟುಹೋಗುತ್ತಿದ್ದವು. ಇದು ಒಂದನ್ನೂ ಬಿಡಲಿಲ್ಲ.

ಮಳೆಗಾಲ ಶುರುವಾಗುವ ಹೊತ್ತಿಗೆ ಅವರನ್ನು ಯಾರೂ ಮದುವೆಗೆ ಕರೆಯುತ್ತಿರಲಿಲ್ಲ. ನಾನೂ ಆ ಶ್ರಾವಣಕ್ಕೆ ಬೈಲಹೊಂಗಲದ ಅಂಗಡಿಯಲ್ಲಿ ಬಳೆ ಹಾಕಿಸಿಕೊಂಡು ಬಂದೆ. ಅದಾಗಿ ಸ್ವಲ್ಪ ದಿನಕ್ಕೆ ಒಂದು ಮಧ್ಯಾಹ್ನ ಅವರು ಮಲಾರ ಹೊತ್ತುಕೊಂಡು ನಮ್ಮ ಕಟ್ಟೆಯ ಮೇಲೆ ಬಂದು ಕುಳಿತರು. ಕಟಕೋಳದಿಂದ ಬಂದ ಬಸ್ಸಿನಿಂದ ನೇರ ನಮ್ಮ ಮನೆಗೇ ಬಂದಿದ್ದರು. ಚಹಾ ತಂದುಕೊಟ್ಟೆ.

"ಕಟಕೋಳದಾಗ ಒಂದು ಕುಬಸ ಇತ್ರಿ. ಆ ಹುಡುಗಿ ಮದುವಿಗೂ ನಾನಽ ಇಟ್ಟಿದ್ದೆ. ಬಾಗಲದಾಗ ಮಲಾರ ಕೆಳಗ ಇಳಸಾಕ ಬಿಡಲಿಲ್ರಿ. ಹಂಗಽ ಹೋಗ್ರಿ ಅಂದ್ರು."

ಅವರು ಚಹಾದ ಬಟ್ಟಲನ್ನು ಪಕ್ಕಕ್ಕಿಟ್ಟರು.

"ನನ್ನ ಕೈ ಛಲೋ ಅಲ್ಲಂತ್ರಿ," ಎಂದು ತಮ್ಮ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. "ಯಾರೋ ಹಂಗ ಹೇಳ್ಯಾರಂತ."

ಅವರು ಮುಖ ಎತ್ತಿ ನನ್ನನ್ನು ನೋಡಿದರು. ಮಣಿಕಟ್ಟನ್ನಲ್ಲ, ಮುಖವನ್ನು. ನಾನೇ ಹೇಳಿದ್ದು, ತಪ್ಪಾಯಿತು, ಕಟಕೋಳಕ್ಕೆ ನಾನೇ ಬಂದು ಹೇಳುತ್ತೇನೆ, ನಡೀರಿ ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಹೊರಬಂದದ್ದು ಬೇರೆ. "ಜನಾ ಹಂಗಽ ಬಿಡ್ರಿ ಕಾಕಾ. ಬಾಯಿಗೆ ಬಂದದ್ದು ಮಾತಾಡ್ತಾರ" ಎಂದೆ. ಬಟ್ಟಲಿನ ಚಹಾ ಆರುವವರೆಗೂ ಅವರು ಕುಳಿತೇ ಇದ್ದರು. ಆಮೇಲೆ "ಹೌದ್ರಿ, ಜನಾ ಹಂಗಽ" ಎಂದು ಮಲಾರ ಹೆಗಲಿಗೇರಿಸಿಕೊಂಡು ಹೋದರು.

ಮರುವರ್ಷ ನನ್ನ ಗಂಡ ಹೋದರು. ಊಟಕ್ಕೆ ಕುಳಿತವರು ಏಳಲಿಲ್ಲ. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಹತ್ತನೆಯ ದಿನ ನನ್ನನ್ನೂ ಅದೇ ಸೋಪಾನಕ್ಕೆ ಕರೆದೊಯ್ದರು. ಈಗ ಇದನ್ನೆಲ್ಲ ಎಷ್ಟೋ ಮನೆಗಳಲ್ಲಿ ಬಿಟ್ಟಿದ್ದಾರೆ, ಭಾವನವರೂ "ಬ್ಯಾಡ ಬಿಡ್ರಿ" ಎಂದರು. ಆದರೆ ಗಂಡನ ಸೋದರತ್ತೆಯರಿಬ್ಬರು, ಇಬ್ಬರೂ ವಿಧವೆಯರು, ಬಂದಿದ್ದರು. "ನಮಗ ಬಿಟ್ಟಿದ್ರೇನು?" ಎಂದು ಅವರು ಪಟ್ಟು ಹಿಡಿದರು. ಬೇಡ ಎಂದು ನಾನು ಹೇಳಬೇಕಿತ್ತು. ನನ್ನ ಬಾಯಿ ಬೇಡವಾದಾಗ ತೆರೆಯುತ್ತದೆ, ಬೇಕಾದಾಗ ಮುಚ್ಚಿಕೊಳ್ಳುತ್ತದೆ.

ಸೀರೆ ಅಡ್ಡ ಹಿಡಿದಿದ್ದರು. ಒಬ್ಬರು ನನ್ನ ಕೈಯನ್ನು ಚಪ್ಪಟೆ ಕಲ್ಲಿನ ಮೇಲೆ ಇಟ್ಟಿದ್ದರು. ಆಗ ಸೀರೆಯ ಆಚೆಯಿಂದ ಕೆಮ್ಮಿದ ಸದ್ದು. "ಒಂದೀಟು ಸರೀರಿ ತಾಯಿ" ಎನ್ನುತ್ತ ಬಳೆಗಾರ ಕಾಕಾ ಒಳಗೆ ಬಂದು ನನ್ನ ಮುಂದೆ ನೆಲದ ಮೇಲೆ ಕುಳಿತರು. ನನಗೆ ಸಿಡಿಲು ಬಡಿದಂತಾಯಿತು. ಬಳೆಗಾರ ಮದುವೆಗೆ ಬರುವವನು, ಇಂಥ ಜಾಗಕ್ಕೆ ಬಂದದ್ದನ್ನು ನಾವು ಯಾರೂ ಕಂಡಿರಲಿಲ್ಲ, ಕೇಳಿರಲಿಲ್ಲ. ಸೋದರತ್ತೆಯ ಕೈಯಲ್ಲಿನ ಕಲ್ಲು ಅಲ್ಲೇ ನಿಂತಿತು.

"ನೀ ಯಾಕ ಇಲ್ಲೆ?" ಎಂದರು ಆಕೆ.

"ಬಳಿ ತಗೀಬೇಕಲ್ರಿ. ತಗಿಯಾಕ ಬಂದೇನಿ. ಒಡಿಯೂದು ಯಾಕ?"

"ಪದ್ಧತಿ ಅದ!"

ಸೀರೆಯ ಆಚೆಯಿಂದ ಭಾವನವರ ದನಿ ಕೇಳಿತು. "ಅತ್ಯಾ, ಕೈ ಖಾಲಿ ಆಗಬೇಕು ಅಂತ ಪದ್ಧತಿ. ಅವರು ಮಾಡ್ಲಿ ಬಿಡ್ರಿ."

ಕಾಕಾ ಜೇಬಿನಿಂದ ಸಾಬೂನಿನ ಚೂರು ತೆಗೆದರು. ಹೊಳೆಯ ನೀರನ್ನು ಬೊಗಸೆಯಲ್ಲಿ ತಂದು ನನ್ನ ಕೈ ತೋಯಿಸಿದರು. ಬಳೆಗಳನ್ನು ಮುಟ್ಟಿ ನೋಡಿ, "ಇವು ನನ್ನ ಬಳಿ ಅಲ್ಲ" ಎಂದು ನನಗೊಬ್ಬಳಿಗೇ ಕೇಳುವಂತೆ ಹೇಳಿದರು. "ಬಾಳ ಬಿಗಿ ಇಟ್ಟಾರ." ಆಮೇಲೆ ಹೆಬ್ಬೆರಳಿನ ಬುಡ ಒತ್ತಿ ಒಂದೊಂದಾಗಿ ಇಳಿಸಿದರು. ಹೆಂಗಸರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಎರಡೂ ಕೈ ಬರಿದಾದವು, ಒಂದೂ ಒಡೆದಿರಲಿಲ್ಲ. ಬಳೆಗಳನ್ನು ದಾರಕ್ಕೆ ಪೋಣಿಸಿ ಗಂಟು ಹಾಕಿ ನನ್ನ ಮಡಿಲಲ್ಲಿಟ್ಟರು. "ಯಾವಾಗ ಹಾಕ್ಕೋಬೇಕು ಅನಸ್ತೈತಿ, ಒಂದು ಮಾತು ಹೇಳಿ ಕಳಸ್ರಿ ಅಕ್ಕಾರ. ಬರತೇನಿ."

ನಾನು ಹೇಳಿ ಕಳಿಸಲಿಲ್ಲ. ಒಂದು ವರ್ಷ ಆಗಲಿ ಎಂದೆ. ಭಾವನವರ ಮಗನ ಮದುವೆ ಮುಗಿಯಲಿ ಎಂದೆ. ನೌಕರಿಯಿಂದ ನಿವೃತ್ತಳಾದ ಮೇಲೆ ಯಾರು ನೋಡುತ್ತಾರೆ ಎಂದೆ. ಓಣಿಯಲ್ಲಿ ಎದುರಾದಾಗ ಅವರು ನನ್ನ ಕೈ ನೋಡುತ್ತಿದ್ದರು, ನಾನು ಕೈಯನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತಿದ್ದೆ.

ಹೋದ ತಿಂಗಳು ಅವರು ತೀರಿಕೊಂಡರು. ಸುದ್ದಿ ನನಗೆ ತಿಳಿದದ್ದು ಮೂರು ದಿನದ ಮೇಲೆ, ಅದೂ ಪಣಜಿಯಿಂದ. ಒಂದೇ ಊರಿನಲ್ಲಿದ್ದ ನನಗೆ ಗೊತ್ತಿಲ್ಲ, ಗೋವೆಯಲ್ಲಿದ್ದ ಅಕ್ಕನ ಮಗಳು ಫೋನಿನಲ್ಲಿ ಅಳುತ್ತಿದ್ದಳು. ನಾನು ಬಿಟ್ಟ ಮೇಲೂ ಕಾಕಾ ಅವಳಿಗೆ ಗಾಜು ಕಳಿಸುತ್ತಲೇ ಇದ್ದರಂತೆ. ಸೂತಕದ ದಿನಗಳು ಕಳೆದ ಮೇಲೆ ಅವರ ಮನೆಗೆ ಹೋದೆ. ಮಗ ಕಾಯಂ ಊರ ಹೊರಗಿರುವ ಲಾರಿ ಚಾಲಕ. ಈಗ ಬಳೆ ವ್ಯಾಪಾರ ನೋಡಿಕೊಳ್ಳುವವಳು ಸೊಸೆ, ಆ ಕಿತ್ತೂರಿನ ಹುಡುಗಿ. ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡಿದ್ದಾಳೆ, ಗಿರಾಕಿಗಳು ಮೆಲ್ಲಮೆಲ್ಲಗೆ ಮತ್ತೆ ಬರಹತ್ತಿದ್ದಾರೆ. ಅವಳು ಚಾಪೆ ಹಾಸಿದಳು. ನಾನು ಸೆರಗಿನಿಂದ ಎರಡೂ ಕೈ ಹೊರತೆಗೆದು ಅವಳ ಮುಂದೆ ಚಾಚಿದೆ.

"ನನಗ ಬಳಿ ಇಡವಾ. ಹಸರು."

ಅವಳು ನನ್ನ ಕೈ ನೋಡಿದಳು, ಹಣೆ ನೋಡಿದಳು, ತೆರೆದ ಬಾಗಿಲಿನ ಕಡೆ ನೋಡಿದಳು. "ಸಿಟ್ಟಾಗಬ್ಯಾಡ್ರಿ ಅಕ್ಕಾರ," ಎಂದಳು ತಗ್ಗಿದ ದನಿಯಲ್ಲಿ. "ನನಗ ಹೆದರಿಕಿ ಆಗತೈತ್ರಿ. ಮುಂದಿನ ವಾರ ಎರಡು ಮದುವಿ ಹಿಡದೇನಿ. ನಿಮಗ ಇಟ್ಟೆ ಅಂತ ಯಾರರ ಅಂದ್ರ, ಮಾವಗ ಆದಂಗ ನನಗೂ ಆಗತೈತಿ."

ಇನ್ನು ತಡೆಯಲಾಗಲಿಲ್ಲ. "ನಿಮ್ಮ ಮಾವನ ಸುದ್ದಿ ಊರಾಗ ಹಬ್ಬಿಸಿದಾಕಿ ನಾನಽ ಇದ್ದೇನವಾ" ಎಂದೆ. ಅವಳು ಎದ್ದು ಹೋಗು ಎನ್ನಬಹುದು, ಬೈಯಬಹುದು, ಬೈಯಲಿ ಎಂದುಕೊಂಡೆ.

"ಗೊತ್ತೈತ್ರಿ," ಎಂದಳು.

"ಯಾರು ಹೇಳಿದ್ರು?"

"ಕಟಕೋಳದವರು ನಿಮ್ಮ ಹೆಸರು ಹೇಳಽ ಮಾವನ್ನ ಬಾಗಲಾಗಿಂದ ಕಳಿಸಿದ್ರಂತ್ರಿ. ಅವತ್ತಽ ನಿಮ್ಮ ಮನಿಗೆ ಬಂದಿದ್ರಲ್ಲ. ನೀವು ಹೇಳ್ತೀರಿ ಅಂತ ಬಾಳ ಹೊತ್ತು ಕುಂತಿದ್ರಂತ."

ಗೊತ್ತಿದ್ದೂ ಅವರು ನಮ್ಮ ಕಟ್ಟೆಯ ಮೇಲೆ ಕುಳಿತು ನನ್ನ ಮುಖ ನೋಡಿದ್ದರು. ಗೊತ್ತಿದ್ದೂ ಮರುವರ್ಷ ಆ ಸೋಪಾನಕ್ಕೆ ಬಂದು ನನ್ನ ಕೈ ಹಿಡಿದಿದ್ದರು.

"ಅವತ್ತು ಮನಿಗೆ ಬಂದು ಏನಂದ್ರವಾ?"

"ಏನೂ ಅನ್ನಲಿಲ್ರಿ. ಪಾಪ, ಅಕ್ಕಾರು ಬಾಳ ಹೆದರ್ಯಾರ ಅಂದ್ರು."

ಹೊರಗೆ ಯಾರೋ ಗಿರಾಕಿ ಬಂದು ಚಪ್ಪಲಿ ಬಿಡುತ್ತಿದ್ದರು. ಅವಳು ಗಾಬರಿಯಿಂದ ನನ್ನ ಕಡೆ ನೋಡಿದಳು. ಚಾಚಿದ ಕೈಗಳನ್ನು ನಾನು ಹಿಂದಕ್ಕೆ ತೆಗೆದುಕೊಂಡೆ.